ಉದ್ದರಿ ಪುಸ್ತಕವೂ ಊಟದ ಮೇಜೂ

"ಇಂದು ನಗದು, ನಾಳೆ ಉದ್ದರಿ" ಎಂಬ ಹಲಗೆಯನ್ನು ಓದದೆ ಬೆಳೆದ ಕನ್ನಡಿಗ ಇರಲಾರ. ಅಕ್ಷರ ಕೂಡಿಸಿ ಓದಲು ಕಲಿತ ಹೊಸದರಲ್ಲಿ ನಮ್ಮ ಊರಿನ ಪೇಟೆಬೀದಿಯ ಉದ್ದಕ್ಕೂ ನಾನು ಈ ವಾಕ್ಯವನ್ನು ಗಟ್ಟಿಯಾಗಿ ಓದುತ್ತ ಹೋಗುತ್ತಿದ್ದೆನಂತೆ. ಅಂಥ ಹಲಗೆ ಇಲ್ಲದಿದ್ದ ಅಂಗಡಿ ಒಂದೇ. ಅದು ಬೀದಿಯ ತುದಿಯಲ್ಲಿದ್ದ ಜವಳಿ ಅಂಗಡಿ. ನನ್ನ ತಂದೆ ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ಆ ದಿನಗಳಲ್ಲಿ ಮೇಷ್ಟರ ಸಂಬಳ ಮುಂಗಾರು ಮಳೆಯ ಹಾಗೆ. ಬರುವುದು ನಿಶ್ಚಯ, ಎಂದು ಬಂದೀತೆಂಬುದು ದೇವರಿಗೇ ಗೊತ್ತು. ಯುಗಾದಿಗೋ ಗೌರಿಹಬ್ಬಕ್ಕೋ ಮನೆಮಂದಿಗೆಲ್ಲ ಬಟ್ಟೆ ಆಗಬೇಕು, ಕೈಯಲ್ಲಿ ಕಾಸಿಲ್ಲ. ತಂದೆಯವರು ಸಂಕೋಚದಿಂದ ಅಂಗಡಿಯ ಜಗಲಿ ಹತ್ತಿದರೆ ಯಜಮಾನರು ಅವರ ಬಾಯಿಂದ ಮಾತು ಹೊರಡಲು ಬಿಡುತ್ತಿರಲಿಲ್ಲ. "ಸಂಬಳದ ಮಾತು ಆಮೇಲಾಯಿತು ಮೇಷ್ಟ್ರೇ, ಮಕ್ಕಳಿಗೆ ಹಬ್ಬ ತಪ್ಪಬಾರದು" ಎಂದು ಥಾನುಗಳನ್ನು ಬಿಚ್ಚಿ ಹರಡಿ, ಕೆಂಪು ರಟ್ಟಿನ ಉದ್ದನೆಯ ಪುಸ್ತಕದಲ್ಲಿ ಒಂದು ಸಾಲು ಬರೆದುಕೊಳ್ಳುತ್ತಿದ್ದರು. ಆ ಸಾಲಿಗೆ ಬಡ್ಡಿ ಇರಲಿಲ್ಲ. ಆ ಅಂಗಡಿಯ ವಿಷಯವಾಗಿ ಹೇಳಬೇಕಾದ ಮಾತು ಇನ್ನೊಂದಿದೆ. ಅದನ್ನು ಬಾಯಿಬಿಟ್ಟು ಹೇಳಲು ನನಗೆ ಅರುವತ್ತು ವರ್ಷ ಹಿಡಿಯಿತು. ವಾಚಕರು ಇನ್ನು ಸ್ವಲ್ಪ ಹೊತ್ತು ಕಾಯಬಹುದು.

ಈ ಮರೆತ ಪುಸ್ತಕ ನನಗೆ ಮತ್ತೆ ನೆನಪಾದದ್ದು ಭೂಮಿಯ ಇನ್ನೊಂದು ಮಗ್ಗುಲಿನಲ್ಲಿ, ಅಮೆರಿಕದ ಅಟ್ಲಾಂಟಾ ನಗರದಲ್ಲಿ. ಕೆಲವು ವರ್ಷಗಳ ಹಿಂದೆ ಮಗಳ ಮನೆಯಲ್ಲಿ ಮೂರು ತಿಂಗಳಿದ್ದೆ. ಪರದೇಶದಲ್ಲಿ ಮುದುಕರಿಗೆ ಕೆಲಸವೇನು? ಬೆಳಗ್ಗೆ ಬೀದಿಯಲ್ಲಿ ನಾಲ್ಕು ಹೆಜ್ಜೆ ನಡೆಯುವುದು, ಎದುರಾದವರಿಗೆ ತಲೆಬಾಗಿ ನಗುವುದು. ಹಾಗೆ ನಗುತ್ತ ನಗುತ್ತ ಪರಿಚಯವಾದವರು ಪಕ್ಕದ ಬೀದಿಯ ಒಬ್ಬ ವೃದ್ಧೆ. ಕಪ್ಪು ಜನಾಂಗದವರು, ಎಂಬತ್ತರ ಹತ್ತಿರದ ವಯಸ್ಸು, ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದವರು. ನಾನೂ ಅದೇ ಕಸುಬಿನವನೆಂದು ತಿಳಿದ ಮೇಲೆ ನಮ್ಮ ಮಾತಿಗೆ ಕೊನೆಯೇ ಇಲ್ಲವಾಯಿತು. ಒಂದು ದಿನ ಮೇಷ್ಟರ ಸಂಬಳದ ಪ್ರಸ್ತಾಪ ಬಂತು. ಲೋಕದಲ್ಲಿ ಎಲ್ಲಿಯಾದರೂ ಇಬ್ಬರು ಮೇಷ್ಟರು ಸೇರಿದರೆ ಅದು ಬಾರದಿರುವುದಿಲ್ಲ. ನಾನು ನಮ್ಮ ಜವಳಿ ಅಂಗಡಿಯ ಕಥೆ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಊರಿನಲ್ಲಿಯೂ ಅಂಥ ಅಂಗಡಿ ಒಂದಿತ್ತು, ಅದರ ಹೆಸರು ರಿಚ್" ಎಂದರು.

ರಿಚ್ ಮಳಿಗೆಯ ಚರಿತ್ರೆಯನ್ನು ನಾನು ಆಮೇಲೆ ಹುಡುಕಿ ಓದಿದೆ. ಓದಿದಷ್ಟೂ ಅದು ಒಂದು ಅಂಗಡಿಯ ಕಥೆಯಾಗಿ ಉಳಿಯಲಿಲ್ಲ.

ಮಾರಿಸ್ ರಿಚ್ ಎಂಬ ಯೆಹೂದ್ಯ ಹುಡುಗ ಹುಟ್ಟಿದ್ದು 1847ರಲ್ಲಿ, ಅಂದಿನ ಹಂಗೆರಿಯ ಕಸ್ಸಾ ಪಟ್ಟಣದಲ್ಲಿ. ಇಂದು ಆ ಊರು ಸ್ಲೊವಾಕಿಯಕ್ಕೆ ಸೇರಿ ಕೊಶಿತ್ಸೆ ಎನ್ನಿಸಿಕೊಳ್ಳುತ್ತಿದೆ. ಮನೆತನದ ಮೂಲ ಹೆಸರು ರೈಶ್. ಜರ್ಮನ್ ಭಾಷೆಯಲ್ಲಿ ಸಿರಿವಂತ ಎಂದು ಅರ್ಥ. ಹೆಸರಿನಲ್ಲಿದ್ದ ಸಿರಿ ಕೈಯಲ್ಲಿರಲಿಲ್ಲ. ಬಾಲ್ಯದಲ್ಲಿಯೇ ಹಡಗು ಹತ್ತಿ ಅಮೆರಿಕಕ್ಕೆ ಬಂದ ಹುಡುಗ ಒಹಾಯೊ ಸೀಮೆಯಲ್ಲಿ ಬೆನ್ನ ಮೇಲೆ ಸರಕಿನ ಗಂಟು ಹೊತ್ತು ಹಳ್ಳಿ ಹಳ್ಳಿ ತಿರುಗಿದ. ಸೂಜಿ, ದಾರ, ಗುಂಡಿ, ಬಟ್ಟೆಯ ತುಂಡುಗಳನ್ನು ಹೊತ್ತು ಮನೆಮನೆಯ ಬಾಗಿಲಿಗೆ ಹೋಗಿ ಮಾರುವವರು ನಮ್ಮ ಹಳ್ಳಿಗಳಿಗೂ ಅಪರಿಚಿತರಲ್ಲ. ನೆಲವಿಲ್ಲದ, ಬಂಧುಗಳಿಲ್ಲದ, ಬಂಡವಾಳವಿಲ್ಲದ ಪರದೇಶಿಗೆ ತೆರೆದಿದ್ದ ಬದುಕು ಅದೊಂದೇ.

ಅಂತರ್ಯುದ್ಧ ಮುಗಿದಿತ್ತು. 1864ರ ನವೆಂಬರಿನಲ್ಲಿ ಜನರಲ್ ಷೆರ್ಮನ್ನನ ಸೈನ್ಯ ಅಟ್ಲಾಂಟಾಕ್ಕೆ ಬೆಂಕಿಯಿಟ್ಟು ಹೋಗಿತ್ತು. ಸುಟ್ಟ ಊರಿನಲ್ಲಿ ಎಲ್ಲವನ್ನೂ ಹೊಸದಾಗಿ ಕಟ್ಟಬೇಕು; ಕಟ್ಟುವವರಿಗೆ ಬಟ್ಟೆಬರೆ ಬೇಕು. 1867ರ ಮೇ ತಿಂಗಳಿನಲ್ಲಿ ಮಾರಿಸ್ ರಿಚ್ ಅಣ್ಣ ವಿಲಿಯಮ್ಮನಿಂದ 500 ಡಾಲರು ಸಾಲ ಪಡೆದು ವೈಟ್‌ಹಾಲ್ ಬೀದಿಯಲ್ಲಿ ಒಂದು ಮರದ ಕಟ್ಟಡದಲ್ಲಿ ಬಟ್ಟೆ ಅಂಗಡಿ ತೆರೆದ. ಅಂದು ಅವನಿಗೆ ಇಪ್ಪತ್ತು ವರ್ಷ. ಜಾರ್ಜಿಯದ ಮಣ್ಣು ನಮ್ಮ ಮಲೆನಾಡಿನ ಮಣ್ಣಿನಂತೆ ಕೆಂಪು. ಅಂಗಡಿ ತೆರೆದ ದಿನಗಳಲ್ಲಿ ಮಳೆ ಹಿಡಿದು ಬೀದಿಯೆಲ್ಲ ಕೆಸರಾಗಲು, ಹೆಂಗಸರ ನೆರಿಗೆ ನೆನೆಯದಿರಲೆಂದು ಅವನು ಬೀದಿಗೆ ಅಡ್ಡಲಾಗಿ ಹಲಗೆಗಳನ್ನು ಹಾಸಿದನೆಂದು ಊರವರು ಬಹುಕಾಲ ಹೇಳಿಕೊಳ್ಳುತ್ತಿದ್ದರು. ನಾಣ್ಯವಿಲ್ಲದ ರೈತರಿಂದ ಕೋಳಿ, ಮೊಟ್ಟೆ, ಜೋಳಗಳನ್ನೂ ಬೆಲೆಯಾಗಿ ಪಡೆಯುತ್ತಿದ್ದನಂತೆ.

ಮುಂದೆ ತಮ್ಮಂದಿರಾದ ಇಮ್ಯಾನುಯೆಲ್ ಮತ್ತು ಡೇನಿಯಲ್ ಬಂದು ಸೇರಿದರು. ಅಂಗಡಿ ಸೋದರರ ಪಾಲುದಾರಿಕೆಯಾಯಿತು, ಹಳೆಯ ಕಟ್ಟಡದಿಂದ ಹೊಸ ಕಟ್ಟಡಕ್ಕೆ ಹೋಯಿತು, ಬೀದಿಗೆ ಮುಖಮಾಡಿ ದೊಡ್ಡ ಗಾಜಿನ ಕಿಟಕಿಗಳು ಬಂದವು. ಇವೆಲ್ಲ ಪ್ರತಿಯೊಂದು ದೊಡ್ಡ ಅಂಗಡಿಯ ಚರಿತ್ರೆಯಲ್ಲಿಯೂ ಇರತಕ್ಕ ಮೆಟ್ಟಿಲುಗಳೇ. ಒಂದೇ ಸೂರಿನ ಅಡಿ ಹತ್ತಾರು ವಿಭಾಗ, ಚೌಕಾಸಿಯಿಲ್ಲದ ಗೊತ್ತಾದ ಬೆಲೆ, ಒಪ್ಪದ ಸರಕನ್ನು ಹಿಂದಿರುಗಿಸುವ ಅವಕಾಶ: ಡಿಪಾರ್ಟ್‌ಮೆಂಟ್ ಸ್ಟೋರು ಎಂಬ ಈ ಏರ್ಪಾಡು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಪ್ಯಾರಿಸ್ಸಿನ ಬಾನ್ ಮಾರ್ಶೆಯಂಥ ಮಳಿಗೆಗಳಿಂದ ಹೆಸರಾಗಿ, ಅಮೆರಿಕದ ಒಂದೊಂದು ನಗರದಲ್ಲಿಯೂ ಒಂದೊಂದು ಮನೆತನದ ಕೈಯಲ್ಲಿ ಬೇರೂರಿತು. ಷಿಕಾಗೊ ನಗರಕ್ಕೆ ಮಾರ್ಷಲ್ ಫೀಲ್ಡ್, ಫಿಲಡೆಲ್ಫಿಯಕ್ಕೆ ವಾನಮೇಕರ್, ಅಟ್ಲಾಂಟಾಕ್ಕೆ ರಿಚ್. 1924ರಲ್ಲಿ ಬ್ರಾಡ್ ಮತ್ತು ಅಲಬಾಮ ಬೀದಿಗಳು ಕೂಡುವ ಮೂಲೆಯಲ್ಲಿ, ಇಟಲಿಯ ಅರಮನೆಯ ಮಾದರಿಯಲ್ಲಿ ಹೊಸ ಮಳಿಗೆ ಎದ್ದಿತು. ಅದರ ಮೂಲೆಯ ಗಡಿಯಾರದ ಕೆಳಗೆ ಒಬ್ಬರನ್ನೊಬ್ಬರು ಸಂಧಿಸುವುದು ಊರಿನ ವಾಡಿಕೆಯಾಯಿತು. ನಾಲ್ಕು ವರ್ಷಗಳ ತರುವಾಯ, 1928ರಲ್ಲಿ, ಮಾರಿಸ್ ರಿಚ್ ತೀರಿಕೊಂಡ.

ಉಳಿದ ಮಳಿಗೆಗಳಿಂದ ರಿಚ್ ಬೇರೆಯಾಗಿ ಕಂಡದ್ದು ಎರಡು ಸಂಗತಿಗಳಲ್ಲಿ. ಮೊದಲನೆಯದು ಸರಕು ಹಿಂದಕ್ಕೆ ತೆಗೆದುಕೊಳ್ಳುವ ಪದ್ಧತಿ. ಗಿರಾಕಿ ತಂದ ದೂರು ನ್ಯಾಯವೇ ಎಂದು ವಿಚಾರಿಸುವ ಗೋಜೇ ಅಲ್ಲಿರಲಿಲ್ಲ. ಯಾವ ಪರಿಹಾರ ಬೇಕೆಂದು ಗಿರಾಕಿಯೇ ಹೇಳಬೇಕು, ಅಂಗಡಿ ಅದನ್ನು ಕೊಡಬೇಕು. ವರ್ಷಗಟ್ಟಲೆ ತೊಟ್ಟ ಜೋಡುಗಳು ಹಿಂದಕ್ಕೆ ಬರುತ್ತಿದ್ದವು. ಬೇರೆ ಅಂಗಡಿಯಲ್ಲಿ ಕೊಂಡ ಸರಕನ್ನು ಇಲ್ಲಿ ತಂದು ಹಣ ಪಡೆದವರ ಕಥೆಗಳಂತೂ ಲೆಕ್ಕವಿಲ್ಲದಷ್ಟು. ನಮ್ಮ ಕಡೆಯ ಯಾವ ವರ್ತಕನಿಗಾದರೂ ಇದನ್ನು ಹೇಳಿದರೆ ಅವನು ಮೊದಲು ನಗುವನು, ಆಮೇಲೆ ಗಲ್ಲಾಪೆಟ್ಟಿಗೆಗೆ ಬೀಗ ಹಾಕುವನು. ಆದರೆ ರಿಚ್ ಮನೆತನದ ಲೆಕ್ಕಾಚಾರ ದಡ್ಡತನದ್ದಲ್ಲ. ಮೋಸ ಮಾಡುವವರು ನೂರಕ್ಕೆ ಕೆಲವರು. ಆ ಕೆಲವರನ್ನು ಹಿಡಿಯಹೋಗಿ ಉಳಿದವರನ್ನು ಅನುಮಾನಿಸಿದರೆ ಆಗುವ ನಷ್ಟವೇ ದೊಡ್ಡದೆಂದು ಅವರು ಕಂಡುಕೊಂಡಿದ್ದರು.

ಎರಡನೆಯದು ಉದ್ದರಿ. ಬೆಳೆ ಬಂದಾಗ ತೀರಿಸುವ ರೈತರಿಗೆ ಬೆಳೆ ಬರುವವರೆಗೆ ಕಾಯುವುದು ಮೊದಲಿನಿಂದ ಬಂದ ರೂಢಿ. ಹತ್ತಿಯ ಬೆಲೆ ನೆಲಕಚ್ಚಿದ ಒಂದು ಕಾಲದಲ್ಲಿ ಅಂಗಡಿಯು ಹತ್ತಿಯ ಅಂಡಿಗೆಗಳನ್ನೇ, ಪೇಟೆಯ ಧಾರಣೆಗಿಂತ ಹೆಚ್ಚಿನ ಬೆಲೆ ಕಟ್ಟಿ, ಸರಕಿಗೆ ಬದಲಾಗಿ ಪಡೆಯಿತು. ಆದರೆ ಅಟ್ಲಾಂಟಾದವರು ಮರೆಯದ ಸಂಗತಿ ನಡೆದದ್ದು 1930ರ ದಶಕದ ಆರಂಭದಲ್ಲಿ, ಮಹಾ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ. ನಗರಸಭೆಯ ಬೊಕ್ಕಸ ಬರಿದಾಗಿ ಶಾಲಾ ಉಪಾಧ್ಯಾಯರಿಗೆ ಸಂಬಳ ಕೊಡಲು ಹಣವಿಲ್ಲವಾಯಿತು. ಹಣವಿಲ್ಲದ ಸರ್ಕಾರ ಕೊಡಬಹುದಾದದ್ದು ಕಾಗದ. 'ಇಷ್ಟು ಹಣ ಮುಂದೆ ಸಲ್ಲುವುದು' ಎಂಬ ಚೀಟಿ. ಅಂಥ ಚೀಟಿಯನ್ನು ಹಿಡಿದು ಬೀದಿಗಿಳಿದರೆ ಯಾರೂ ಪೂರ್ತಿ ಬೆಲೆ ಕೊಡುವುದಿಲ್ಲವೆಂದು ಯಾರಿಗೆ ತಿಳಿಯದು? ಆಗ ಮಳಿಗೆಯ ಯಜಮಾನನಾಗಿದ್ದ, ಮಾರಿಸ್ ರಿಚ್ಚನ ಸೋದರನ ಮಗ ವಾಲ್ಟರ್ ರಿಚ್, ನಗರಸಭೆಗೆ ಒಂದು ಸಲಹೆ ಕಳುಹಿಸಿದ: ಚೀಟಿಗಳನ್ನು ಅಚ್ಚು ಮಾಡಿ ಉಪಾಧ್ಯಾಯರಿಗೆ ಕೊಡಿ, ಅವನ್ನು ನಮ್ಮ ಅಂಗಡಿಗೆ ತಂದರೆ ಮುಖಬೆಲೆಯ ಪೂರ್ತಿ ಹಣವನ್ನು ನಗದಾಗಿ ಕೊಡುತ್ತೇವೆ, ಪ್ರತಿಯಾಗಿ ಅವರು ನಮ್ಮಲ್ಲಿ ಒಂದು ಸೂಜಿಯನ್ನೂ ಕೊಳ್ಳಬೇಕಾಗಿಲ್ಲ. ಹಾಗೆಯೇ ನಡೆಯಿತು. ಲಕ್ಷಾಂತರ ಡಾಲರುಗಳ ಚೀಟಿಗಳು ಆ ಮಳಿಗೆಯಲ್ಲಿ ಹಣವಾಗಿ ಬದಲಾದವು.

ನಮ್ಮ ವೃದ್ಧೆಯ ತಾಯಿಯೂ ಉಪಾಧ್ಯಾಯಿನಿಯೇ. ಕಪ್ಪು ಮಕ್ಕಳಿಗೆಂದು ಪ್ರತ್ಯೇಕವಾಗಿದ್ದ ಶಾಲೆಯಲ್ಲಿ, ಬಿಳಿಯ ಉಪಾಧ್ಯಾಯರಿಗಿಂತ ಕಡಿಮೆ ಸಂಬಳಕ್ಕೆ. ಆ ತಾಯಿ ಚೀಟಿ ಹಿಡಿದು ಮಳಿಗೆಗೆ ಹೋಗಿ, ಮುರಿದುಕೊಂಡಾರೋ ಏನೋ ಎಂದು ಉಸಿರು ಬಿಗಿಹಿಡಿದು ನಿಂತಿದ್ದರಂತೆ. ಗುಮಾಸ್ತ ಕೊನೆಯ ಸೆಂಟಿನವರೆಗೂ ಎಣಿಸಿ ಕೊಟ್ಟ. ಮನೆಯಲ್ಲಿ ಆ ಕಥೆಯನ್ನು ಎಷ್ಟು ಬಾರಿ ಕೇಳಿದೆನೋ ನನಗೇ ತಿಳಿಯದು ಎಂದರು ಆಕೆ. ಮುಂದೆ ಆ ತಾಯಿಗೆ ರಿಚ್ ಮಳಿಗೆಯಲ್ಲಿ ಉದ್ದರಿ ಖಾತೆ ಆಯಿತು. ಹೆಸರು ಅಚ್ಚಾಗಿದ್ದ ಖಾತೆಯ ಕಾರ್ಡನ್ನು ಅವರು ಬೈಬಲಿನ ಪಕ್ಕದಲ್ಲಿಡುತ್ತಿದ್ದರಂತೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಳಿಗೆಯ ವೈಭವ ಹೇಳತೀರದು. 1948ರಲ್ಲಿ ಬೀದಿಯ ಆಚೆ ಗೃಹೋಪಯೋಗಿ ಸಾಮಗ್ರಿಗಳಿಗಾಗಿಯೇ ಮತ್ತೊಂದು ಕಟ್ಟಡವೆದ್ದಿತು. ಎರಡನ್ನೂ ಸೇರಿಸಿ ಬೀದಿಯ ಮೇಲೆ ಹಲವು ಅಂತಸ್ತುಗಳ ಗಾಜಿನ ಸೇತುವೆ ಬಂತು. ಅದೇ ವರ್ಷದಿಂದ, ನವೆಂಬರಿನ ಕೊನೆಯಲ್ಲಿ ಬರುವ ಕೃತಜ್ಞತೆಯ ಹಬ್ಬದ ರಾತ್ರಿ, ಆ ಸೇತುವೆಯ ನೆತ್ತಿಯ ಮೇಲೆ ಭಾರಿ ಕ್ರಿಸ್‌ಮಸ್ ಮರವನ್ನು ನಿಲ್ಲಿಸಿ ದೀಪ ಹಚ್ಚುವ ಸಂಪ್ರದಾಯ ಮೊದಲಾಯಿತು. ಸೇತುವೆಯ ಒಂದೊಂದು ಅಂತಸ್ತಿನಲ್ಲಿಯೂ ಗಾಯಕವೃಂದ ನಿಂತು ಹಾಡುವುದು, ಹಾಡಿನ ಸ್ವರ ಮೇಲಕ್ಕೇರಿದ ಗಳಿಗೆಗೆ ಸರಿಯಾಗಿ ಮರದ ದೀಪಗಳೆಲ್ಲ ಒಮ್ಮೆಗೇ ಬೆಳಗುವುದು. ಕೆಳಗೆ ಬೀದಿ ತುಂಬ ಜನ. ಮಕ್ಕಳಿಗೆ 1953ರಿಂದ ಗುಲಾಬಿ ಹಂದಿಯ ರೈಲು. ಯೆಹೂದ್ಯ ಮನೆತನವೊಂದು ಇಡಿಯ ಊರಿಗೆ ಕ್ರಿಸ್‌ಮಸ್ ಮಾಡಿಸುತ್ತಿದ್ದ ಈ ವಿನೋದವನ್ನು ಅಟ್ಲಾಂಟಾದವರು ವಿನೋದವೆಂದು ಎಣಿಸಿದಂತೆ ಕಾಣುವುದಿಲ್ಲ. ಅಷ್ಟರಮಟ್ಟಿಗೆ ಅಂಗಡಿ ಊರಿನದಾಗಿಹೋಗಿತ್ತು. 1967ರಲ್ಲಿ, ಮಳಿಗೆಗೆ ನೂರು ತುಂಬಿದಾಗ, ಸೆಲೆಸ್ಟೀನ್ ಸಿಬ್ಲಿ ಎಂಬ ಪತ್ರಿಕಾ ಲೇಖಕಿ ಅದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ಪುಸ್ತಕದ ಹೆಸರು 'ಡಿಯರ್ ಸ್ಟೋರ್', ಎಂದರೆ ಪ್ರಿಯ ಅಂಗಡಿ. ಅಂಗಡಿಗೆ ಪ್ರೇಮಪತ್ರ ಬರೆಸಿಕೊಳ್ಳುವ ಭಾಗ್ಯ ಎಷ್ಟು ವರ್ತಕರಿಗೆ ಉಂಟು!

ಮಳಿಗೆಯ ಆರನೆಯ ಅಂತಸ್ತಿನಲ್ಲಿ ಮ್ಯಾಗ್ನೋಲಿಯಾ ರೂಮ್ ಎಂಬ ಊಟದ ಮನೆ ಇತ್ತು. ಬಿಳಿಯ ಹಾಸು ಹೊದಿಸಿದ ಮೇಜು, ಕೈಗವುಸು ತೊಟ್ಟ ಮಹಿಳೆಯರು, ಕೋಳಿಮಾಂಸದ ಸ್ಯಾಲಡ್, ಮಳಿಗೆಯ ಪ್ರಸಿದ್ಧವಾದ ತೆಂಗಿನಕಾಯಿಯ ಕೇಕು. ಅಲ್ಲಿಗೆ ಕಪ್ಪು ಜನರು ಕೂತು ಉಣ್ಣಲು ಹೋಗುವಂತಿರಲಿಲ್ಲ.

ಇದರ ವೈಚಿತ್ರ್ಯವನ್ನು ವಾಚಕರು ಗಮನಿಸಬೇಕು. ಅದೇ ಮಳಿಗೆಯ ಕೆಳಗಿನ ಅಂತಸ್ತಿನಲ್ಲಿ ಅವರು ರೇಷ್ಮೆ ಕೊಳ್ಳಬಹುದು; ಖಾತೆ ಇಟ್ಟು ಉದ್ದರಿ ತರಬಹುದು; ಒಪ್ಪದಿದ್ದರೆ ಹಿಂದಿರುಗಿಸಿ ಪೂರ್ತಿ ಹಣ ಪಡೆಯಬಹುದು. ಅವರ ಮಾತನ್ನು ಅಂಗಡಿ ನಂಬುತ್ತಿತ್ತು, ಅವರ ಹಣವನ್ನು ನಂಬುತ್ತಿತ್ತು. ಬಾಯಾರಿದರೆ ಮಾತ್ರ ಪ್ರತ್ಯೇಕ ನಲ್ಲಿ. ಹಸಿದರೆ ಬೇರೆ ದಾರಿ ನೋಡಿಕೊಳ್ಳಬೇಕು. ಇದು ರಿಚ್ ಒಂದರ ಮಾತಲ್ಲ. ದಕ್ಷಿಣದ ರಾಜ್ಯಗಳಲ್ಲೆಲ್ಲ ಇದೇ ಕಟ್ಟಳೆ, ಇದೇ ವಾಡಿಕೆ. ಮಾರ್ಟಿನ್ ಲೂಥರ್ ಕಿಂಗರು ಬಾಲಕರಾಗಿದ್ದಾಗ ತಂದೆಯೊಡನೆ ಅಟ್ಲಾಂಟಾದ ಒಂದು ಜೋಡಿನ ಅಂಗಡಿಗೆ ಹೋಗಿ ಮುಂದಿನ ಕುರ್ಚಿಗಳಲ್ಲಿ ಕುಳಿತಾಗ, ಹಿಂದಕ್ಕೆ ಹೋಗಿ ಕೂತರೆ ಮಾತ್ರ ಜೋಡು ತೋರಿಸುವೆನೆಂದು ಗುಮಾಸ್ತ ಹೇಳಿದ. ತಂದೆ ಮಗನ ಕೈಹಿಡಿದು ಏನೂ ಕೊಳ್ಳದೆ ಹೊರಬಂದರು. ಈ ಪ್ರಸಂಗವನ್ನು ಕಿಂಗರು ತಮ್ಮ ಮೊದಲ ಪುಸ್ತಕದಲ್ಲಿ ಬರೆದಿದ್ದಾರೆ.

1959ರಲ್ಲಿ ಕಿಂಗರು ನಮ್ಮ ದೇಶಕ್ಕೆ ಬಂದು ಸುಮಾರು ಒಂದು ತಿಂಗಳು ಸಂಚರಿಸಿ, ಗಾಂಧೀಜಿಯವರ ಒಡನಾಡಿಗಳನ್ನು ಕಂಡು ಹಿಂದಿರುಗಿದ್ದರು. ಮರುವರ್ಷ ಮಾರ್ಚ್ 9ರಂದು ಅಟ್ಲಾಂಟಾದ ಕಪ್ಪು ಜನರ ಕಾಲೇಜುಗಳ ವಿದ್ಯಾರ್ಥಿಗಳು ಮಾನವ ಹಕ್ಕುಗಳಿಗಾಗಿ ಒಂದು ಮನವಿಯನ್ನು ನಗರದ ಪತ್ರಿಕೆಗಳಲ್ಲಿ ಪುಟ ತುಂಬ ಪ್ರಕಟಿಸಿದರು. ಲಾನೀ ಕಿಂಗ್, ಜೂಲಿಯನ್ ಬಾಂಡ್, ಹರ್ಷೆಲ್ ಸಲಿವನ್ ಮೊದಲಾದವರು ಅವರ ಮುಂದಾಳುಗಳು. ಆರು ದಿನಗಳ ಮೇಲೆ ಸುಮಾರು 200 ಮಂದಿ ಸರ್ಕಾರಿ ಕಟ್ಟಡಗಳ ಮತ್ತು ನಿಲ್ದಾಣಗಳ ಊಟದ ಕಟ್ಟೆಗಳಲ್ಲಿ ಹೋಗಿ ಕುಳಿತರು. ಆಮೇಲೆ ಅವರ ದೃಷ್ಟಿ ರಿಚ್ ಮಳಿಗೆಯ ಮೇಲೆ ಬಿತ್ತು. ಊರಿನ ಎಲ್ಲ ಅಂಗಡಿಗಳಲ್ಲಿ ಹೆಚ್ಚು ಉದಾರವೆನಿಸಿಕೊಂಡದ್ದನ್ನೇ ಏಕೆ ಹಿಡಿದರು? ಅದು ಎಲ್ಲಕ್ಕಿಂತ ದೊಡ್ಡದು. ರಿಚ್ ಬಾಗಿಲು ತೆರೆದರೆ ಉಳಿದವರು ಮುಚ್ಚಿಟ್ಟುಕೊಳ್ಳಲಾರರು. ಜೊತೆಗೆ, ಉದಾರಿಯೆಂಬ ಹೆಸರು ಪಡೆದವನನ್ನೇ ಅಲ್ಲವೆ ಔದಾರ್ಯ ಕೇಳುವುದು.

ಆಗ ಮಳಿಗೆಯ ಅಧ್ಯಕ್ಷ ಮಾರಿಸ್ ರಿಚ್ಚನ ಮೊಮ್ಮಗ ರಿಚರ್ಡ್ ರಿಚ್. ಅವನನ್ನು ಖಳನನ್ನಾಗಿ ಚಿತ್ರಿಸುವುದು ಸುಲಭ, ನನಗೆ ಅದು ಒಪ್ಪಿಗೆಯಿಲ್ಲ. ಅಟ್ಲಾಂಟಾದ ಯೆಹೂದ್ಯರಿಗೆ ಭಯದ ಕಾರಣಗಳಿದ್ದವು. 1915ರಲ್ಲಿ ಲಿಯೊ ಫ್ರ್ಯಾಂಕ್ ಎಂಬ ಯೆಹೂದ್ಯ ಕಾರ್ಖಾನೆಯ ಮೇಲ್ವಿಚಾರಕನನ್ನು ಜನ ಸೆರೆಮನೆಯಿಂದ ಎಳೆದೊಯ್ದು ಮರಕ್ಕೆ ನೇತುಹಾಕಿದ್ದರು. 1958ರ ಅಕ್ಟೋಬರಿನಲ್ಲಿ, ಕಪ್ಪು ಜನರ ಪರವಾಗಿ ಮಾತನಾಡುತ್ತಿದ್ದ ಧರ್ಮಗುರು ಜೇಕಬ್ ರಾತ್‌ಚೈಲ್ಡರ ಮಂದಿರಕ್ಕೆ ಬಾಂಬು ಬಿದ್ದಿತ್ತು. ಒಂದು ಕಡೆ ಬಿಳಿಯ ಗಿರಾಕಿಗಳು ಬೆನ್ನು ತಿರುಗಿಸಿಯಾರೆಂಬ ಅಳುಕು, ಇನ್ನೊಂದು ಕಡೆ ಈ ಹಳೆಯ ಭಯ. ಇಷ್ಟು ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಬೊಕ್ಕಸ ಬರಿದಾದ ನಗರಸಭೆಯ ಕಾಗದವನ್ನು ನಂಬಿ ಲಕ್ಷಗಟ್ಟಲೆ ಹಣ ಚೆಲ್ಲಿದ ಮಳಿಗೆಗೆ, ತನ್ನ ಬಿಳಿಯ ಗಿರಾಕಿಗಳು ಪಕ್ಕದ ಮೇಜಿನಲ್ಲಿ ಒಬ್ಬ ಕಪ್ಪು ಉಪಾಧ್ಯಾಯಿನಿ ಕೂತದ್ದನ್ನು ಸಹಿಸಿಯಾರೆಂದು ನಂಬಲಿಕ್ಕೆ ಆಗಲಿಲ್ಲವೆ? ಮಾತುಕತೆಗಳು ನಡೆದವು, ಫಲ ಕಾಣಲಿಲ್ಲ.

1960ರ ಅಕ್ಟೋಬರ್ 19ರಂದು ವಿದ್ಯಾರ್ಥಿಗಳು ನಗರದ ಹಲವು ಮಳಿಗೆಗಳಿಗೆ ತಂಡತಂಡವಾಗಿ ಹೋದರು. ಮಾರ್ಟಿನ್ ಲೂಥರ್ ಕಿಂಗರು ಹೋದದ್ದು ರಿಚ್ ಮಳಿಗೆಗೆ. ಆರನೆಯ ಅಂತಸ್ತಿನ ಮ್ಯಾಗ್ನೋಲಿಯಾ ರೂಮಿನಲ್ಲಿ ಅವರ ದಸ್ತಗಿರಿಯಾಯಿತು. ಜಾಮೀನು ಕೊಟ್ಟು ಬಿಡಿಸಿಕೊಳ್ಳಲು ಅವರು ಒಪ್ಪಲಿಲ್ಲ, ವಿದ್ಯಾರ್ಥಿಗಳೂ ಒಪ್ಪಲಿಲ್ಲ. ಕೆಲವು ದಿನಗಳ ಮೇಲೆ ಉಳಿದವರ ಬಿಡುಗಡೆಯಾದರೂ ಕಿಂಗರನ್ನು ಬಿಡಲಿಲ್ಲ. ಅದೇ ವರ್ಷ ಮೇ ತಿಂಗಳಿನಲ್ಲಿ ಅವರ ಮೇಲೆ ವಾಹನ ಚಾಲನೆಯ ಒಂದು ಸಣ್ಣ ಮೊಕದ್ದಮೆಯಾಗಿತ್ತು. ಜಾರ್ಜಿಯದಲ್ಲಿ ವಾಸಿಸುತ್ತ ಅಲಬಾಮದ ಪರವಾನಗಿ ಇಟ್ಟುಕೊಂಡಿದ್ದುದೇ ಅಪರಾಧ. ಅದರ ಷರತ್ತನ್ನು ಮುರಿದರೆಂದು ನ್ಯಾಯಾಧೀಶನೊಬ್ಬ ನಾಲ್ಕು ತಿಂಗಳ ಕಠಿಣ ಸಜೆ ವಿಧಿಸಿದ. ನಡುರಾತ್ರಿಯಲ್ಲಿ ಕೋಳ ತೊಡಿಸಿ ಅವರನ್ನು ದೂರದ ರೀಡ್ಸ್‌ವಿಲ್ ಸೆರೆಮನೆಗೆ ಸಾಗಿಸಿದರು. ಪತ್ನಿ ಕೊರೆಟ್ಟಾ ಗರ್ಭಿಣಿ. ಅಧ್ಯಕ್ಷ ಪದವಿಯ ಚುನಾವಣೆಗೆ ಎರಡು ವಾರ ಮಾತ್ರ ಉಳಿದಿತ್ತು. ಉಮೇದುವಾರ ಜಾನ್ ಕೆನಡಿ ಕೊರೆಟ್ಟಾಗೆ ಟೆಲಿಫೋನ್ ಮಾಡಿ ಸಮಾಧಾನ ಹೇಳಿದ; ಅವನ ತಮ್ಮ ರಾಬರ್ಟ್ ನ್ಯಾಯಾಧೀಶನಿಗೆ ಟೆಲಿಫೋನ್ ಮಾಡಿದ; 27ರಂದು ಕಿಂಗರು ಜಾಮೀನಿನ ಮೇಲೆ ಹೊರಬಂದರು. ನವೆಂಬರ್ 8ರ ಚುನಾವಣೆಯಲ್ಲಿ ಸುಮಾರು ಏಳು ಕೋಟಿ ಮತಗಳ ನಡುವೆ ಕೆನಡಿಗೆ ದೊರೆತ ಮುನ್ನಡೆ ಒಂದು ಲಕ್ಷ ಚಿಲ್ಲರೆ. ಆ ಎರಡು ಟೆಲಿಫೋನ್ ಕರೆಗಳಿಂದ ಒಲಿದ ಕಪ್ಪು ಜನರ ಮತಗಳು ಫಲಿತಾಂಶಕ್ಕೆ ಬಹಳ ಮಟ್ಟಿಗೆ ಕಾರಣವೆಂದು ಚರಿತ್ರಕಾರರು ಅನೇಕರು ಹೇಳುತ್ತಾರೆ. ಒಂದು ಅಂಗಡಿಯ ಊಟದ ಮೇಜಿನಿಂದ ಹೊರಟ ಎಳೆ ಶ್ವೇತಭವನದ ಬಾಗಿಲಿಗೆ ಹೋಗಿ ಮುಟ್ಟಿತು.

ಕಿಂಗರ ಬಂಧನದ ಕಥೆಯನ್ನು ಎಲ್ಲರೂ ಬಲ್ಲರು. ನನ್ನ ಮನಸ್ಸನ್ನು ಹಿಡಿದದ್ದು ಅದರ ಜೊತೆಜೊತೆಗೆ ನಡೆದ, ಸದ್ದಿಲ್ಲದ ಇನ್ನೊಂದು ಕಾರ್ಯ. ಪೇಟೆಯ ಮಳಿಗೆಗಳಲ್ಲಿ ಏನನ್ನೂ ಕೊಳ್ಳಬೇಡಿ ಎಂಬುದರೊಡನೆ ವಿದ್ಯಾರ್ಥಿಗಳು ಇನ್ನೂ ಒಂದು ಮಾತನ್ನು ಮನೆಮನೆಗೆ ಮುಟ್ಟಿಸಿದರು: ನಿಮ್ಮ ಉದ್ದರಿ ಖಾತೆಗಳನ್ನು ಮುಚ್ಚಿಬಿಡಿ. ಬಿಳಿ ಕಪ್ಪೆಂಬ ಭೇದದೊಡನೆ ಇಟ್ಟಿರುವ ಲೆಕ್ಕ ಮುಗಿಸಿ ಸ್ವಾತಂತ್ರ್ಯದೊಡನೆ ಹೊಸ ಖಾತೆ ತೆರೆಯಿರಿ ಎಂಬ ಅರ್ಥದ ಫಲಕಗಳನ್ನು ಹಿಡಿದು ಅವರು ಬೀದಿಯಲ್ಲಿ ನಿಂತರು.

"ನಾನು ಆಗ ಕಾಲೇಜಿನಲ್ಲಿದ್ದೆ. ಫಲಕ ಹಿಡಿದು ನಿಲ್ಲುವುದು ನನಗೆ ಕಷ್ಟವೆನಿಸಲಿಲ್ಲ" ಎಂದರು ನಮ್ಮ ವೃದ್ಧೆ. "ಕಷ್ಟವಾದದ್ದು ಅಮ್ಮನಿಗೆ. ಆ ಕಾರ್ಡು ಅವಳಿಗೆ ಬರಿಯ ಕಾರ್ಡಲ್ಲ. ಯಾರೂ ನಂಬದ ಕಾಲದಲ್ಲಿ ನಂಬಿದವರು ಅವರು ಎಂದು ಅವಳ ಮನಸ್ಸಿನಲ್ಲಿತ್ತು. ಎರಡು ರಾತ್ರಿ ಯೋಚಿಸಿದಳು. ಮೂರನೆಯ ದಿನ ಕಾರ್ಡನ್ನು ಲಕೋಟೆಯಲ್ಲಿಟ್ಟು, ಬಾಕಿ ಇದ್ದ ಹಣಕ್ಕೆ ಚೆಕ್ಕನ್ನೂ ಸೇರಿಸಿ ಅಂಚೆಗೆ ಹಾಕಿದಳು. ಬಾಕಿ ಉಳಿಸಿಕೊಂಡು ಜಗಳವಾಡಬಾರದು ಎಂದಳು."

ಈ ಮಾತನ್ನು ಕೇಳುತ್ತಿರುವಾಗ ನನಗೆ ನಮ್ಮ ಪೇಟೆಬೀದಿಯ ಜವಳಿ ಅಂಗಡಿಯ ಜಗಲಿ ಕಣ್ಣಿಗೆ ಕಟ್ಟಿತು. ಹೇಳುವೆನೆಂದು ಮಾತುಕೊಟ್ಟ ಸಂಗತಿ ಇದು. ಅಂಗಡಿಯ ಜಗಲಿಗೆ ಮೂರು ಮೆಟ್ಟಿಲು. ನಾವು ಜಗಲಿ ಹತ್ತಿ ಚಾಪೆಯ ಮೇಲೆ ಕೂತು ಬಟ್ಟೆ ನೋಡುತ್ತಿದ್ದೆವು. ಊರ ಹೊರಗಿನ ಕೇರಿಯವರು ಮೆಟ್ಟಿಲ ಕೆಳಗೆ, ಬಿಸಿಲಿನಲ್ಲಿ ನಿಲ್ಲುತ್ತಿದ್ದರು. ಅವರು ಬಟ್ಟೆಯನ್ನು ಮುಟ್ಟಿ ನೋಡುವಂತಿರಲಿಲ್ಲ. ದೂರದಿಂದ ಬೆರಳು ತೋರಿಸಿದ್ದನ್ನು ಹರಿದು ಕೆಳಕ್ಕೆ ಎಸೆಯುತ್ತಿದ್ದರು, ಹಣವನ್ನು ಮೆಟ್ಟಿಲ ಮೇಲೆ ಇಡಿಸಿ ಆಮೇಲೆ ಎತ್ತಿಕೊಳ್ಳುತ್ತಿದ್ದರು. ಆ ಕೆಂಪು ರಟ್ಟಿನ ಪುಸ್ತಕದಲ್ಲಿ ಅವರ ಹೆಸರುಗಳೂ ಇದ್ದವು. ಯಜಮಾನರು ಅವರಿಗೂ ಉದ್ದರಿ ಕೊಡುತ್ತಿದ್ದರು, ಅವರಿಗೂ ಬಡ್ಡಿ ಹಾಕುತ್ತಿರಲಿಲ್ಲ, ತೀರಿಸಿರೆಂದು ಯಾರನ್ನೂ ಪೀಡಿಸಲಿಲ್ಲ. ಅವರು ಒಳ್ಳೆಯವರು. ನಾನು ಚಾಪೆಯ ಮೇಲೆ ಕೂತು ನನ್ನ ಹಬ್ಬದ ಅಂಗಿಯ ಬಣ್ಣ ಆರಿಸುತ್ತಿದ್ದೆ, ಮೆಟ್ಟಿಲ ಕೆಳಗೆ ನನ್ನ ತರಗತಿಯ ಹುಡುಗನೊಬ್ಬ ತನ್ನ ತಂದೆಯ ಪಕ್ಕದಲ್ಲಿ ನಿಂತು ಮೇಲಕ್ಕೆ ನೋಡುತ್ತಿದ್ದ. ನನ್ನ ತಂದೆಯವರೂ ಅಲ್ಲಿಯೇ ಇದ್ದರು. ಶಾಲೆಯಲ್ಲಿ ಆ ಹುಡುಗನನ್ನು ಎಲ್ಲರ ಜೊತೆಗೆ ಕೂರಿಸಿ ಪಾಠ ಹೇಳುತ್ತಿದ್ದವರು, ಅಂದು ಏನೂ ಹೇಳಲಿಲ್ಲ. ಉದ್ದರಿಯ ಹಂಗಿನಲ್ಲಿದ್ದವರು ಹೇಳುವುದು ಹೇಗೆ?

ವೃದ್ಧೆಗೆ ಇದನ್ನೆಲ್ಲ ಹೇಳಿದೆ. ಆಕೆ ಏನೂ ಹೇಳಲಿಲ್ಲ. ನನ್ನ ಬಟ್ಟಲಿಗೆ ಇನ್ನಷ್ಟು ಚಹಾ ಬಗ್ಗಿಸಿದರು.

ಬಹಿಷ್ಕಾರ ಚಳಿಗಾಲವನ್ನೂ ದಾಟಿ ನಡೆಯಿತು. ಕ್ರಿಸ್‌ಮಸ್ ಬಂತು, ಮರದ ದೀಪಗಳೂ ಬೆಳಗಿದವು. ಮಳಿಗೆಗಳ ವ್ಯಾಪಾರ ಮಾತ್ರ ಮಂಕಾಯಿತು. 1961ರ ಮಾರ್ಚಿಯಲ್ಲಿ ವರ್ತಕರ ಸಂಘದ ಅಧ್ಯಕ್ಷ ಐವನ್ ಆಲೆನ್ನನೂ ಕಪ್ಪು ಜನರ ಹಿರಿಯ ವಕೀಲ ವಾಲ್ಡನ್ನರೂ ನಡುವೆ ನಿಂತು ಒಪ್ಪಂದ ಮಾಡಿಸಿದರು: ಶರತ್ಕಾಲದಲ್ಲಿ ನಗರದ ಶಾಲೆಗಳಲ್ಲಿ ಭೇದ ಅಳಿಯಲಿದೆ, ಅದರ ಬೆನ್ನಿಗೆ ಊಟದ ಮನೆಗಳೂ ತೆರೆಯುವುವು. ತಕ್ಷಣ ಬೇಕೆಂದಿದ್ದ ತರುಣರಿಗೆ ಇದು ಸಹಿಸಲಿಲ್ಲ. ಚರ್ಚಿನಲ್ಲಿ ಸೇರಿದ ಸಭೆಯಲ್ಲಿ ಹಿರಿಯರನ್ನು ಮೂದಲಿಸಿದರು. ಕೊನೆಗೆ ಕಿಂಗರು ಎದ್ದು ಮಾತನಾಡಿ ಸ್ಫೋಟವನ್ನು ತಡೆದರು. ಆಗಸ್ಟ್ 30ರಂದು ಒಂಬತ್ತು ಮಂದಿ ಕಪ್ಪು ವಿದ್ಯಾರ್ಥಿಗಳು ಬಿಳಿಯರ ಶಾಲೆಗಳನ್ನು ಪ್ರವೇಶಿಸಿದರು. ಸೆಪ್ಟೆಂಬರ್ 28ರಂದು ಮಳಿಗೆಗಳ ಊಟದ ಕಟ್ಟೆಗಳಲ್ಲಿ ಕಪ್ಪು ಜನರು ಕುಳಿತು ಉಂಡರು. ಆಕಾಶ ಕಳಚಿ ಬೀಳಲಿಲ್ಲ. ಬಿಳಿಯ ಗಿರಾಕಿಗಳು ಎದ್ದುಹೋಗಲೂ ಇಲ್ಲ.

ಮಿಕ್ಕ ಕಥೆ ಚಿಕ್ಕದು. 1959ರಲ್ಲಿಯೇ ಊರ ಹೊರಗಿನ ಲೆನಾಕ್ಸ್ ಚೌಕದಲ್ಲಿ ಶಾಖೆ ತೆರೆದಿದ್ದ ರಿಚ್, ಮುಂದೆ ಉಪನಗರಗಳಿಗೂ ನೆರೆಯ ರಾಜ್ಯಗಳಿಗೂ ಹಬ್ಬಿತು. ಜನ ಮೋಟಾರು ಕಾರು ಹತ್ತಿ ನಗರದ ನಡುಭಾಗವನ್ನು ಬಿಟ್ಟುಹೋಗುತ್ತಿದ್ದಂತೆ, ತಾಯಿ ಮಳಿಗೆ ಸೊರಗಿ ಮರಿಗಳು ಕೊಬ್ಬಿದವು. 1975ರಲ್ಲಿ ರಿಚರ್ಡ್ ರಿಚ್ ತೀರಿಕೊಂಡ. ಮರುವರ್ಷ ಮಳಿಗೆಗಳೆಲ್ಲ ಫೆಡರೇಟೆಡ್ ಎಂಬ ದೊಡ್ಡ ಕಂಪನಿಯ ಪಾಲಾದವು. 1991ರಲ್ಲಿ ನಡುಪೇಟೆಯ ಹಳೆಯ ಮಳಿಗೆ ಮುಚ್ಚಿತು. 2003ರಲ್ಲಿ ಹೆಸರಿಗೆ ಮೇಸಿ ಎಂಬ ಬಾಲ ಅಂಟಿತು. 2005ರಲ್ಲಿ ಬಾಲವೇ ಉಳಿದು ತಲೆ ಹೋಯಿತು. ಗಾಜಿನ ಸೇತುವೆಯನ್ನೂ ಬೀದಿಯಾಚೆಯ ಕಟ್ಟಡವನ್ನೂ ಕೆಡವಿ ಅಲ್ಲಿ ಕೇಂದ್ರ ಸರ್ಕಾರದ ಕಚೇರಿಗಳನ್ನು ಕಟ್ಟಿದರು. 1924ರ ಕಟ್ಟಡವನ್ನು ಕೆಡವದೆ ಅದರೊಳಕ್ಕೆ ಸೇರಿಸಿಕೊಂಡಿದ್ದಾರೆ.

ಊರಿಗೆ ಹೊರಡುವ ಮುಂಚೆ ಆ ಕಟ್ಟಡವನ್ನು ನೋಡಬೇಕೆಂದು ಮಗಳನ್ನು ಕೇಳಿದೆ. "ಅಲ್ಲಿ ನೋಡುವುದಕ್ಕೆ ಏನಿದೆ ಅಪ್ಪ, ಬರಿಯ ಆಫೀಸುಗಳು" ಎನ್ನುತ್ತಲೇ ಕರೆದುಕೊಂಡು ಹೋದಳು. ವೃದ್ಧೆಯೂ ಜೊತೆಗೆ ಬಂದರು. ಎದುರಿನ ಪಾದಚಾರಿ ಹಾದಿಯಲ್ಲಿ ನಿಂತು, ಆರನೆಯ ಅಂತಸ್ತು ಯಾವುದಿರಬಹುದೆಂದು ನಾನು ಕಿಟಕಿಗಳನ್ನು ಎಣಿಸುತ್ತಿದ್ದೆ. ಬಾಗಿಲು ತೆರೆದ ಮೇಲೆ ನಿಮ್ಮ ತಾಯಿ ಅಲ್ಲಿಗೆ ಹೋದರೆ ಎಂದು ಕೇಳಿದೆ.

"ಒಂದೇ ಒಂದು ಸಲ. ನನ್ನನ್ನೂ ಕರೆದುಕೊಂಡು ಹೋದಳು. ತೆಂಗಿನಕಾಯಿಯ ಕೇಕು ತರಿಸಿದಳು. ತಿಂದು, ನಾನು ಮನೆಯಲ್ಲಿ ಮಾಡುವುದೇ ಮೇಲು ಎಂದಳು." ಆಕೆ ನಕ್ಕರು. "ಪರಿಚಾರಿಕೆ ಬಿಲ್ಲು ತಂದು, ಖಾತೆಗೆ ಬರೆದುಕೊಳ್ಳಲೆ ಎಂದು ವಿನಯದಿಂದ ಕೇಳಿದಳು. ಅಮ್ಮ ಕೈಚೀಲ ತೆಗೆದು, ನಗದು ಎಣಿಸಿ ಮೇಜಿನ ಮೇಲಿಟ್ಟಳು."